ಬ್ರೆಸ್ಟಿನ ನೀಲಿ ಗೆರೆ

ಬ್ರೆಸ್ಟ್ ಬಂದರಿನ ಕೊನೆಯ ತಿರುವಿನಲ್ಲಿ ಅರ್ಮೆಲ್ ಬೇಲಿಗೆ ಎದೆಯೊತ್ತಿ ನಿಂತಿದ್ದಳು. ಫ್ರಾನ್ಸಿನ ಹೆಂಗಸರ ಮ್ಯಾರಥಾನ್ ದಾಖಲೆ ಇಪ್ಪತ್ತು ವರ್ಷದಿಂದ ಅವಳ ಹೆಸರಿನಲ್ಲೇ ಇತ್ತು. ಈವತ್ತು ಅದನ್ನು ಮುರಿಯಲು ಓಡಿಬರುತ್ತಿದ್ದವಳು ಎನೋರಾ, ಅವಳೇ ಪಳಗಿಸಿದ ಹುಡುಗಿ.

ಆ ದಾಖಲೆ ಸುಮ್ಮನೆ ಬಂದದ್ದಲ್ಲ. ಡಬ್ಬಿಗೆ ಮೀನು ತುಂಬುವ ಕಾರ್ಖಾನೆಯಲ್ಲಿ ದುಡಿದು, ಮೈಯೆಲ್ಲ ಮೀನೆಣ್ಣೆ ನಾರುತ್ತಿರುವಾಗಲೇ ಅವಳು ಸಮುದ್ರದ ದಂಡೆಯ ಕಾಲುದಾರಿಯಲ್ಲಿ ಓಡುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೀಯಾ ಎಂದು ಕಾಫಿ ಅಂಗಡಿಯ ಗಂಡಸರು ಕೆಣಕುತ್ತಿದ್ದರು. ಚಳಿಗಾಲದ ಕೆಸರಿನ ಓಟ ಗೆದ್ದಳು, ಆಮೇಲೆ ದೊಡ್ಡ ಊರುಗಳ ಓಟ. ದಾಖಲೆಯಾದ ದಿನ ಅದೇ ಗಂಡಸರು ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಂಚೆಯವನಿಂದ ಪಾದ್ರಿಯವರೆಗೆ ಎಲ್ಲರೂ ದಾಖಲೆಯಮ್ಮ ಎಂದೇ ಕರೆಯತೊಡಗಿದರು. ಅದಿಲ್ಲದೆ ತಾನು ಯಾರು ಎಂಬುದೇ ಅವಳಿಗೆ ಮರೆತುಹೋದಂತಿತ್ತು.

"ಬಂದ್ಲು ನೋಡು," ಎಂದ ಗಂಡ ಗುಲ್ವೆನ್, ಗಡಿಯಾರ ದಿಟ್ಟಿಸುತ್ತ. "ನಿನ್ನ ಸಮಯಕ್ಕಿಂತ ಕೂದಲೆಳೆಯಷ್ಟು ಹಿಂದಿದ್ದಾಳೆ. ನಿನ್ನ ದಾಖಲೆ ಉಳೀತು ಅನ್ಸುತ್ತೆ ಮಾರಾಯ್ತಿ."

ಎನೋರಾ ಅದೇ ಓಟದಲ್ಲಿದ್ದ ಐದಾರು ಗಂಡಸರ ಬೆನ್ನ ಹಿಂದೆ ಬರುತ್ತಿದ್ದಳು. ಸಮುದ್ರದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು; ಅವರ ಮರೆ ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಆ ಗಂಡಸರು ಜನರ ಕೂಗಿಗೆ ಮರುಳಾಗಿ, ಕೈ ಬೀಸುತ್ತ, ತಿರುವಿನ ಹೊರ ಅಂಚಿಗೆ ವಾಲಿದ್ದರು. ಹತ್ತಿರದ ದಾರಿ ತೋರಿಸಲೆಂದು ರಸ್ತೆಗೆ ಬಳಿದ ನೀಲಿ ಗೆರೆ ಒಳ ಅಂಚಿನಲ್ಲಿ ಖಾಲಿ ಬಿದ್ದಿತ್ತು. ಹೊರಗೆ ಸುತ್ತಿದಷ್ಟೂ ದೂರ ಹೆಚ್ಚು.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಯಾರೂ ಅರ್ಮೆಲ್‌ಳನ್ನು ದೂರುತ್ತಿರಲಿಲ್ಲ. ಅಷ್ಟರಲ್ಲಿ ಹುಡುಗಿಯ ಕಣ್ಣು ಬೇಲಿಯ ಕಡೆ ಹೊರಳಿ ಅವಳನ್ನು ಹುಡುಕಿತು.

"ಬಿಡೇ ಅವರನ್ನ! ಗೆರೆಗೆ ಬಾ. ಗಾಳಿ ಬಡಿದ್ರೆ ಬಡೀಲಿ, ಗೆರೆಗೆ ಬಾ."

ಅರ್ಮೆಲ್‌ಳ ಆ ಕೂಗಿಗೆ ಪಕ್ಕದವನ ಕೈಯಲ್ಲಿದ್ದ ಕ್ರೆಪ್ ಎಂಬ ಅಲ್ಲಿಯ ಬೆಣ್ಣೆ ದೋಸೆ ಕೆಳಗೆ ಬಿತ್ತು. ಎನೋರಾ ಒಂದೇ ಏಟಿಗೆ ಒಳಗೆ ನುಗ್ಗಿ, ತಲೆ ತಗ್ಗಿಸಿ, ಗಾಳಿಯನ್ನು ಸೀಳಿಕೊಂಡು ಹೊರಟಳು. ಗಂಡಸರು ಒಬ್ಬೊಬ್ಬರಾಗಿ ಹಿಂದೆ ಬಿದ್ದರು. ಅರ್ಮೆಲ್ ಮೊಣಕಾಲಿನ ನೋವು ಮರೆತು, ಜನರನ್ನು ತಳ್ಳುತ್ತ ಬೇಲಿಗುಂಟ ಓಡಿದಳು. ಅರ್ಮೆಲ್ ಓಟ ಮುಗಿಯುವ ಜಾಗ ಮುಟ್ಟುವ ಮೊದಲೇ ಧ್ವನಿವರ್ಧಕದಲ್ಲಿ ಹೊಸ ದಾಖಲೆ ಎಂಬ ಮಾತು ಕೇಳಿಸಿತು, ಬಂದರಿನ ದೋಣಿಗಳೆಲ್ಲ ಒಟ್ಟಿಗೆ ಕೊಂಬು ಊದಿದವು.

ಎನೋರಾ ನೆಲಕ್ಕೆ ಕುಸಿದಿದ್ದಳು. ಅರ್ಮೆಲ್ ಬೇಲಿ ಹತ್ತಿ ಇಳಿದು, ತನ್ನ ಉಣ್ಣೆಯಂಗಿ ಬಿಚ್ಚಿ ಅವಳಿಗೆ ಹೊದಿಸಿದಳು.

"ಕೋಪ ಬಂತಾ?" ಎಂದಳು ಹುಡುಗಿ, ಏದುಸಿರಿನ ನಡುವೆ.

"ಬಂತು. ಅಷ್ಟೊತ್ತು ಆ ಗಂಡಸರ ಬೆನ್ನಿಗೆ ಯಾಕೆ ಅಂಟ್ಕೊಂಡಿದ್ದೆ?"

ಹುಡುಗಿ ನಗತೊಡಗಿದಳು. ಅರ್ಮೆಲ್‌ಳಿಗೂ ನಗು ತಡೆಯಲಾಗಲಿಲ್ಲ.