ತಂಬ್ರಹಳ್ಳಿಯ ಬಾಡಿಗೆ ಸ್ಮ್ಯಾಶರ್

ತಂಬ್ರಹಳ್ಳಿಯ ವಾಲಿಬಾಲ್ ತಂಡಕ್ಕೆ ಮೈಸೂರು ಕಡೆಯಿಂದ ದುಡ್ಡು ಕೊಟ್ಟು ಸ್ಮ್ಯಾಶರ್ ಒಬ್ಬನನ್ನು ಕರೆಸುವುದೆಂದು ತೀರ್ಮಾನವಾದ ದಿನ, ಬಾಷಾ ತನ್ನ ಗ್ಯಾರೇಜಿನಲ್ಲಿ ಯಾರದೋ ಬೈಕಿನ ಬೋಲ್ಟನ್ನು ಬಿಗಿದು ಬಿಗಿದು ತುಂಡು ಮಾಡಿದ. ಸಿಟ್ಟು ಬರದೆ ಇನ್ನೇನು? ನೆಟ್ಟಿನ ಎಡತುದಿಯಲ್ಲಿ ನಿಂತು ಚೆಂಡು ಬಡಿಯುವ ಜಾಗ ಮೀಸೆ ಮೂಡಿದಾಗಿನಿಂದ ಅವನದೇ. ಈಗ ಅದನ್ನು ಭರತ್ ಎಂಬ ಗುರುತು ಪರಿಚಯವಿಲ್ಲದವನಿಗೆ ಬಿಟ್ಟುಕೊಟ್ಟು ಬಲತುದಿಗೆ ಸರಿಯಬೇಕು. ಬಲತುದಿಗೆ ಚೆಂಡು ಬರುವುದೆಂದರೆ ಬಡವನ ಮನೆಗೆ ಬೀಗರು ಬಂದಷ್ಟೇ ಅಪರೂಪ.

ತಂಡದ ಯಜಮಾನಿಕೆ ಬೀಜ ಗೊಬ್ಬರದ ಅಂಗಡಿಯ ಜಂಬಣ್ಣನದು. ಹೋದ ವರ್ಷ ಹಗರಿಬೊಮ್ಮನಹಳ್ಳಿ ಪಂದ್ಯಾವಳಿಯ ಫೈನಲ್‌ನಲ್ಲಿ ಇಟ್ಟಿಗಿಯವರ ಮುಂದೆ ಸೋತದ್ದು ಅವನ ಗಂಟಲಲ್ಲಿ ಇನ್ನೂ ಮುಳ್ಳಾಗಿ ಕೂತಿತ್ತು. ಅದಕ್ಕೇ ಮನೆಮನೆಗೆ ತಿರುಗಿ ಚಂದಾ ಪಟ್ಟಿ ಎತ್ತಿದ. ಎರಡು ದಿನ ಚೆಂಡು ಬಡಿಯುವವನಿಗೆ ಇಷ್ಟು ದುಡ್ಡೇ, ಇದರಲ್ಲಿ ಹಾಲು ಕರೆಯುವ ಎಮ್ಮೆಯೇ ಬರುತ್ತಿತ್ತಲ್ಲ ಎಂದು ಊರು ಗೊಣಗಿತು. ಗೊಣಗುತ್ತಲೇ ಕೊಟ್ಟಿತು.

ಭರತ್ ಬಂದಿಳಿದ. ಯಾವ ಮನೆಯ ಬಾಗಿಲಲ್ಲೂ ತಲೆ ಬಗ್ಗಿಸಿಯೇ ಒಳಬರಬೇಕಾದ ಆಳು. ಅಲ್ಲಿಂದ ಶುರುವಾಯಿತು ನೋಡಿ ಊರಿನ ವಸೂಲಿ. ಪಟ್ಟಿ ಕೊಟ್ಟ ಪ್ರತಿ ಮನೆಯವರಿಗೂ ಅವನು ತಮ್ಮಲ್ಲಿ ಊಟ ಮಾಡಲೇಬೇಕು. ಅವರ ಮನೆಯಲ್ಲಿ ಉಂಡು ನಮ್ಮ ಮನೆಯಲ್ಲಿ ಬರೀ ಚಹಾ ಕುಡಿದರೆ ಮರ್ಯಾದೆಯ ಪ್ರಶ್ನೆ. ಒಂದು ಕಡೆ ಹೋಳಿಗೆ, ಇನ್ನೊಂದು ಕಡೆ ರೊಟ್ಟಿ ಎಣ್ಣೆಗಾಯಿ, ಮಗದೊಂದು ಕಡೆ ಬುಟ್ಟಿ ತುಂಬ ಮಂಡಕ್ಕಿ ಮಿರ್ಚಿ. ಪಾಪದ ಹುಡುಗ, ಬೇಡ ಎಂದರೆ ಇವರು ನೊಂದುಕೊಳ್ಳುತ್ತಾರೆಂದು ಹೆದರಿ ಎಲ್ಲವನ್ನೂ ತಿಂದ.

ಮೊದಲ ದಿನದ ಆಟಗಳನ್ನು ಗೆದ್ದು ತಂಬ್ರಹಳ್ಳಿ ಫೈನಲ್‌ಗೆ ಬಂತು. ಫೈನಲ್ ದಿನ ಮಧ್ಯಾಹ್ನದ ಊಟ ಬಾಷಾನ ಮನೆಯಲ್ಲಿ. ತಾಯಿ ಪೀರ್ ಬೀ ಬಿರಿಯಾನಿ ಮಾಡಿದ್ದಳು. ಎರಡನೇ ಸಲ ಬಡಿಸುವಾಗ ಭರತ್ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಬಾಷಾ ಆ ಕೈಯನ್ನು ಪ್ರೀತಿಯಿಂದಲೇ ಪಕ್ಕಕ್ಕೆ ಸರಿಸಿ, "ಹಾಕಮ್ಮಾ, ಎಗರೋ ಹುಡುಗ ಅದಾನ" ಅಂದ. ಮೂರನೇ ಸಲಕ್ಕೂ ಹಾಗೇ ಮಾಡಿದ. ಹೊಟ್ಟೆಕಿಚ್ಚಿಗೂ ಅತಿಥಿ ಸತ್ಕಾರಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾದದ್ದು ಅವನ ಜೀವನದಲ್ಲಿ ಅದೇ ಮೊದಲು.

ಸಂಜೆ ಹಗರಿಬೊಮ್ಮನಹಳ್ಳಿಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಟಕ್ಕೆ ಮುಂಚೆ ಭರತ್ ಒಮ್ಮೆ ಎಗರಿ ನೋಡಿದ. ಕಾಲು ನೆಲ ಬಿಟ್ಟಿತೋ ಇಲ್ಲವೋ ಎಂದು ಬಾಷಾ ಬಗ್ಗಿ ನೋಡಬೇಕಾಯಿತು. ಇನ್ನೇನು, ತನ್ನ ಜಾಗ ತನಗೆ ಬಂತು ಎಂದು ಅವನು ಎಡತುದಿಯತ್ತ ಹೆಜ್ಜೆಯನ್ನೂ ಹಾಕಿದ. ಜಂಬಣ್ಣ ತಡೆದ. ದುಡ್ಡು ಕೊಟ್ಟ ಆಳು, ಎಗರದಿದ್ದರೆ ನಿಂತುಕೊಂಡಾದರೂ ಇರಲಿ ಎಂಬುದು ಅವನ ಲೆಕ್ಕ.

ಭರತನ ಹೊಟ್ಟೆಯ ಪಾಡು ಇಟ್ಟಿಗಿಯವರಿಗೆ ಹೇಗೆ ಗೊತ್ತಾಗಬೇಕು? ಅವರು ಅವನ ಹೆಸರು ಕೇಳಿದ್ದರು, ಮೊಬೈಲಿನಲ್ಲಿ ಆಟ ನೋಡಿದ್ದರು. ಅವನು ಕೈಬೀಸಿ ಎರಡು ಹೆಜ್ಜೆ ಓಡಿದರೆ ಸಾಕು, ಮೂರು ಮಂದಿ ಒಟ್ಟಿಗೆ ಅವನೆದುರು ಎಗರುತ್ತಿದ್ದರು. ಹುಡುಗ ಚಾಣಾಕ್ಷ. ಪ್ರತಿ ಸಲವೂ ಈಗ ಬಡಿದೇ ಬಿಡುವವನ ಹಾಗೆ ಓಡಿ ಬಂದ. ಚೆಂಡು ಎತ್ತಿಕೊಡುವ ಲಿಫ್ಟರ್ ಮಾರೇಶ ಅದನ್ನು ಹಿಂದಕ್ಕೆ, ಬಲತುದಿಗೆ ತಳ್ಳಿದ. ಅಲ್ಲಿ ಬಾಷಾನ ಎದುರು ಒಂದು ನರಪಿಳ್ಳೆಯೂ ಇಲ್ಲ. ಅವನು ಬಡಿದ, ಮತ್ತೆ ಬಡಿದ, ಇಷ್ಟು ದಿನದ ಸಿಟ್ಟನ್ನೆಲ್ಲ ಸೇರಿಸಿ ಬಡಿದ. ತಂಬ್ರಹಳ್ಳಿ ಗೆದ್ದಿತು. ಜನ ಬಾಷಾನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಗೆದ್ದ ಮೇಲೆ ಜಂಬಣ್ಣನಿಗೆ ಜಿಪುಣತನ ನೆನಪಾಯಿತು. ಮೈದಾನದ ಪಕ್ಕದ ಚಹಾದಂಗಡಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಪಂಚಾಯ್ತಿ ಶುರು ಮಾಡಿದ. ಫೈನಲ್‌ನಲ್ಲಿ ಈ ಹುಡುಗ ಒಂದೇ ಒಂದು ಚೆಂಡನ್ನೂ ನೆಲಕ್ಕೆ ಬಡಿದಿಲ್ಲ, ಅರ್ಧ ಕೊಟ್ಟರೆ ಸಾಲದೇ ಎಂದು ಕೇಳಿದ. ಭರತ್ ತಲೆ ತಗ್ಗಿಸಿ ಕೂತಿದ್ದ. "ಗೆಲಿಸಿದಾವ ನೀನು ಬಾಷಾ. ನೀನ ಹೇಳು, ನೀ ಹೇಳಿದಂಗ ಆಗ್ಲಿ" ಅಂದ ಜಂಬಣ್ಣ.

ಅರ್ಧವೂ ಜಾಸ್ತಿಯಾಯಿತು ಎಂಬ ಮಾತು ಬಾಷಾನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದ್ದರೆ ಗೆಲುವು ಪೂರ್ತಿ ಅವನದು, ಎಡತುದಿಯೂ ಅವನದು. ಆದರೆ ಹೋದ ವರ್ಷದ ಆಟ ಕಣ್ಣಿಗೆ ಕಟ್ಟಿತು. ಇದೇ ಮೂವರು ಅವನೆದುರು ಗೋಡೆಯಾಗಿ ನಿಂತಿದ್ದರು, ಬಡಿದ ಚೆಂಡೆಲ್ಲ ತಿರುಗಿ ಅವನ ಮುಖಕ್ಕೇ ಬಂದಿತ್ತು. ಅವನಿಗೆ ಒಳಗೊಳಗೇ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು.

"ಪೂರಾ ಕೊಡ್ರಿ" ಅಂದ. "ಆ ಮೂರೂ ಮಂದಿನ್ನ ಅವ ಹಿಡ್ಕಂಡಿದ್ದ. ನಾನು ಬೇಲಿ ಇಲ್ಲದ ಹೊಲದಾಗ ಮೇಯ್ದೀನಿ, ಅಷ್ಟ."

ಜಂಬಣ್ಣ ಪೆಚ್ಚು ಮೋರೆ ಹಾಕಿಕೊಂಡು ಪೂರ್ತಿ ಕೊಟ್ಟ. ಕೊಟ್ಟ ಮೇಲೆ, ನಿಂತೇ ಗೆಲ್ಲಿಸುವವನು ಎಗರಿದರೆ ಇನ್ನೇನಾದೀತು, ಬರುವ ವರ್ಷವೂ ಇವನನ್ನೇ ಕರೆಸೋಣ ಎಂದು ಅಲ್ಲೇ ಹೇಳಿಯೂ ಬಿಟ್ಟ. ಬಾಷಾ ತನ್ನ ಬಾಯಿಂದಲೇ ತನ್ನ ಜಾಗ ಕಳೆದುಕೊಂಡಿದ್ದ.

ಬಸ್‌ಸ್ಟ್ಯಾಂಡಿನವರೆಗೆ ಅವನೇ ಬೈಕಿನಲ್ಲಿ ಭರತನನ್ನು ಕರೆದೊಯ್ದ. ಹುಡುಗ ಬಸ್ಸು ಹತ್ತಿ ಕಿಟಕಿಯಿಂದ ಬಗ್ಗಿ, "ಅಣ್ಣಾ, ಮುಂದಿನ್ ವರ್ಷ ಆ ಮೂರು ಜನಾನೂ ನಿಮ್ಮ ಮುಂದೇನೇ ನಿಲ್ತಾರೆ, ನೋಡ್ತಿರಿ. ಖಾಲಿ ನೆಟ್ ನನಗೆ ಸಿಗುತ್ತೆ" ಅಂದ.

ಬಾಷಾನ ಎದೆ ಉಬ್ಬಿತು. "ಹಂಗಾದ್ರ ನನ್ನ ರೇಟೂ ನಿನ್ನಷ್ಟ ಆತೇನಪ್ಪಾ?" ಎಂದು ಚೇಷ್ಟೆಗೆ ಕೇಳಿದ.

"ಆಯ್ತಣ್ಣ. ಆದ್ರೆ ನಿಮ್ಮೂರವರು ಕೊಡಲ್ಲ. ಇಟ್ಟಿಗಿಯವರನ್ನ ಕೇಳಿ, ಕೊಡ್ತಾರೆ."

ಬಸ್ಸು ಹೊರಟಿತು. ಬಾಷಾ ನಗುತ್ತಲೇ ಬೈಕನ್ನು ಊರಿನ ಕಡೆ ತಿರುಗಿಸಿದ. ಅರ್ಧ ದಾರಿಗೆ ಬರುವಷ್ಟರಲ್ಲಿ ನಗು ನಿಂತಿತ್ತು. ಅವನು ನಿಜವಾಗಿಯೂ ಯೋಚಿಸತೊಡಗಿದ್ದ.