ಖಾಕಿ ಬೈಂಡಿನ ಕೋಣೆ

ಆ ದಿನ ಬೆಳಗ್ಗೆ ಆಕಾಶ ಮುಖ ಊದಿಸಿಕೊಂಡು ಕೂತಿತ್ತು. ಮಳೆ ಬರುವ ಲಕ್ಷಣವೂ ಇಲ್ಲ, ಬಿಸಿಲು ಬೀಳುವ ಸೂಚನೆಯೂ ಇಲ್ಲ. ಗಾಳಿಗೆ ಅಲ್ಲಾಡಲು ಮನಸ್ಸಿರಲಿಲ್ಲ. ಮಹಡಿಗಳ ಮೇಲೆ ಹರವಿದ್ದ ಬಟ್ಟೆಗಳು ನಿನ್ನೆಯ ಒದ್ದೆಯನ್ನೇ ಹೊತ್ತು ಜೋತುಬಿದ್ದಿದ್ದವು. ಅಂಥ ಜಿಗುಟು ಬೆಳಗಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿ, ಮಂಡಿಯ ಮೇಲೆ ಕೈಯೂರಿ ಒಂದು ಗಳಿಗೆ ನಿಂತು, ಮನಸ್ಸಿನಲ್ಲೇ ದೇವರನ್ನು ನೆನೆದು, ಪುಸ್ತಕದ ಕೋಣೆಯ ಟೀಚರ್ ಬೀಗ ತೆಗೆದರು. ಮೇಜಿನ ಮೇಲೆ ನಿನ್ನೆ ಬೈಂಡು ಹಾಕಿಟ್ಟ ಪುಸ್ತಕಗಳ ಗೋಂದು ಇನ್ನೂ ಒಣಗಿರಲಿಲ್ಲ. ಮುಟ್ಟಿ ನೋಡಿದರೆ ಬೆರಳೇ ಅಂಟಿಕೊಂಡಿತು.

ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ಉಶ್ ಟೀಚರ್ ಎಂದು. ಹೆಸರು ಯಾರಿಟ್ಟರೋ ಕಾಣೆ. ಬಾಗಿಲಲ್ಲಿ ಚಪ್ಪಲಿ ಸದ್ದಾದರೂ ಸಾಕು, ಅವರ ತೋರುಬೆರಳು ತಾನಾಗಿ ತುಟಿಗೆ ಹೋಗುತ್ತಿತ್ತು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರಪಟ್ಟುಕೊಳ್ಳುವುದಕ್ಕೂ ಒಂದಿಷ್ಟು ಚೈತನ್ಯ ಬೇಕಲ್ಲ, ಅದು ಈಚೆಗೆ ಅವರಲ್ಲಿ ಉಳಿದಿರಲಿಲ್ಲ.

ಹಿಂದಿನ ದಿನ ಹೆಡ್‌ಮಾಸ್ಟರು ಬಾಗಿಲಿಗೆ ಒರಗಿ ನಿಂತು, ಕನ್ನಡಕ ಒರೆಸುತ್ತ ಮಾತು ತೆಗೆದಿದ್ದರು.

"ಬೇಜಾರು ಮಾಡ್ಕೋಬೇಡಿ ಮೇಡಂ. ಏಳನೇ ಕ್ಲಾಸಿನವರಿಗೆ ಪರೀಕ್ಷೆ ತಯಾರಿ ಮಾಡಿಸೋಕೆ ನನಗೆ ಜಾಗ ಇಲ್ಲ. ಇಲ್ಲಿಗೆ ಮಕ್ಕಳು ಬರೋದೂ ಪಿರಿಯಡ್ ಇದೆ ಅಂತ, ಹೋಗೋದೂ ಬೆಲ್ ಆಯ್ತು ಅಂತ. ತಾನಾಗಿ ಒಂದು ಪುಸ್ತಕ ಕೇಳ್ಕೊಂಡು ಬಂದ ಮಗೂನ ತೋರಿಸಿ ನೋಡೋಣ."

ಟೀಚರ್ ಕೈಲಿದ್ದ ಪುಸ್ತಕಕ್ಕೆ ಗೋಂದು ಹಚ್ಚುತ್ತಲೇ ಇದ್ದರು.

"ಈ ವಾರ ಕಳೀಲಿ. ಆಮೇಲೆ ಪುಸ್ತಕಗಳನ್ನ ಮೂಟೆ ಕಟ್ಟಿ ಮೆಟ್ಟಿಲ ಕೆಳಗಿನ ಗೂಡಿಗೆ ಹಾಕ್ಸೋಣ. ನಿಮಗೂ ಸ್ವಲ್ಪ ವಿಶ್ರಾಂತಿ," ಎಂದು ಅವರು ಹೊರಟುಹೋದರು. ಕೆಟ್ಟ ಮನುಷ್ಯರೇನಲ್ಲ. ಅವರ ಕುತ್ತಿಗೆಯ ಮೇಲೂ ಮೇಲಿನವರು ಕೂತಿದ್ದರು. ಆದರೆ ಗೂಡು ಎಂದರೆ ಮುರಿದ ಬೆಂಚು, ಇಲಿ, ತೇವ ಹಿಡಿದ ಗೋಡೆ. ಅಲ್ಲಿಗೆ ಹೋದ ವಸ್ತು ಮತ್ತೆ ಬೆಳಕು ಕಂಡದ್ದಿಲ್ಲ.

ಈ ಪುಸ್ತಕಗಳನ್ನು ಅವರು ಹೇಗೆ ಕಾಪಾಡಿಕೊಂಡು ಬಂದಿದ್ದರು ಎನ್ನುವುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕೋಣೆ ವಹಿಸಿಕೊಂಡ ವರ್ಷ ಅರ್ಧಕ್ಕರ್ಧ ಪುಸ್ತಕಗಳ ರಟ್ಟು ಕಿತ್ತು ಜೋತಾಡುತ್ತಿತ್ತು. ಚಿತ್ರಗಳಿಗೆಲ್ಲ ಮೀಸೆ ಬಂದಿತ್ತು. ಅಂದಿನಿಂದ ಟೀಚರ್ ಒಂದೊಂದನ್ನೇ ಎತ್ತಿಕೊಂಡು, ಮಕ್ಕಳ ನೋಟ್‌ಬುಕ್ಕಿಗೆ ಹಾಕುವಂತೆ ದಪ್ಪ ಖಾಕಿ ಕಾಗದದ ಬೈಂಡು ಹಾಕಿ, ಬೆನ್ನಿಗೆ ನಂಬರು ಬರೆದು, ಸಾಲಾಗಿ ನಿಲ್ಲಿಸಿದರು. ಹರಿದರೆ ಮತ್ತೆ ಹಾಕಿದರು. ತನಿಖೆಗೆ ಬಂದವರು ನೋಡಿ, "ಇದಪ್ಪಾ ಶಿಸ್ತು" ಎಂದು ತಲೆದೂಗಿದ್ದರು. ಈಗ ನೆಲದಿಂದ ಸೂರಿನ ತನಕ ಒಂದೇ ಬಣ್ಣ, ಒಂದೇ ಎತ್ತರ. ಪುಸ್ತಕದ ಗೋಡೆಯೋ ಮಣ್ಣಿನ ಗೋಡೆಯೋ ಎನ್ನುವ ಹಾಗೆ. ಬಸ್ಸು ಓಡಿಸುವ ಅವರ ಗಂಡ ಮನೆಗೆ ಬಂದಾಗಲೆಲ್ಲ, "ಏನು, ನಿನ್ನ ಮಕ್ಕಳಿಗೆ ಅಂಗಿ ತೊಡಿಸೋದು ಇನ್ನೂ ಮುಗಿದಿಲ್ವಾ?" ಎಂದು ಕೇಳುವುದು ವಾಡಿಕೆಯಾಗಿತ್ತು.

ಮೂರನೇ ಪಿರಿಯಡ್ಡಿಗೆ ಏಳನೇ ತರಗತಿ ಬಂತು. ಮೈಯೆಲ್ಲ ಬೆವರು, ಮುಖದಲ್ಲಿ ನಿದ್ದೆ. ಮಕ್ಕಳು ಕಪಾಟಿನ ಮುಂದೆ ಸಾಲಾಗಿ ನಿಂತು ಪುಸ್ತಕಗಳ ಬೆನ್ನಿಗೆ ಬೆರಳಿಟ್ಟು ಅಳೆಯತೊಡಗಿದರು. ಅದು ಅವರ ಪದ್ಧತಿ. ಓದಿದ ಮೇಲೆ ಒಂದು ಪುಟ ಸಾರಾಂಶ ಬರೆದುಕೊಡಬೇಕಿತ್ತು, ಹಾಗಾಗಿ ತೆಳ್ಳಗಿದ್ದಷ್ಟೂ ಲಾಭ.

"ಲೇ, ಇದು ಅರ್ಧ ಬೆರಳು ಕಣೋ," ಎಂದ ಲೊಡಲೊಡೆ. ಬಾಯಿಗೆ ಬೀಗವಿಲ್ಲದ ಹುಡುಗ ಅವನು.

"ನಂದು ಅದಕ್ಕಿಂತ ಸಣ್ಣ. ನೋಡು, ಉಗುರಿನಷ್ಟು."

"ಅದನ್ನ ನಾನು ಹೋದ ಸಲ ತಗೊಂಡಿದ್ದೆ."

"ಏನಿತ್ತು ಅದ್ರಲ್ಲಿ?"

"ಯಾವನಿಗೆ ಗೊತ್ತು."

"ಉಶ್," ಎಂದರು ಟೀಚರ್. ಹೇಳುವಾಗಲೇ ಅವರಿಗೆ ತಮ್ಮ ದನಿ ಸಾಕೆನಿಸಿತು.

ಆ ನಿಶ್ಶಬ್ದದಲ್ಲಿ ಕೊನೆಯ ಕಪಾಟಿನ ಹಿಂದಿನಿಂದ ಪರ್ರ್ ಎಂಬ ಸದ್ದು ಬಂತು. ಟೀಚರ್ ಎದ್ದು ಹೋಗಿ ನೋಡಿದರು. ಗುಬ್ಬಿ ಎಂದು ಎಲ್ಲರೂ ಕರೆಯುವ ಸಣ್ಣ ಮೈಕಟ್ಟಿನ ಹುಡುಗಿ ನೆಲದ ಮೇಲೆ ಕೂತು ಒಂದು ಪುಸ್ತಕದ ಬೈಂಡನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯುತ್ತಿದ್ದಳು. ಪಕ್ಕದಲ್ಲಿ ಆಗಲೇ ಸುಲಿದ ಮೂರು ನಾಲ್ಕು ಪುಸ್ತಕಗಳು ಬಿದ್ದಿದ್ದವು.

"ಏನಮ್ಮಾ ಇದು?"

"ಒಳಗೇನಿದೆ ಅಂತ ನೋಡ್ತಿದ್ದೆ ಟೀಚರ್."

"ಹರಿದು ಹಾಳು ಮಾಡ್ತಿದ್ದೀಯಲ್ಲ. ಒಂದೊಂದಕ್ಕೆ ನಾನೆಷ್ಟು ಹೊತ್ತು ಕೂತಿದ್ದೀನಿ ಗೊತ್ತಾ?"

"ಪುಸ್ತಕ ಹರಿದಿಲ್ಲ ಟೀಚರ್, ಕಾಗದ ಮಾತ್ರ. ಎಲ್ಲಾ ಒಂದೇ ಥರ ಇದ್ರೆ ಯಾವುದು ಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ನನ್ನ ಕೇಳಬಹುದಿತ್ತಲ್ಲ."

"ಸರಿ. ಯಾವುದು ಚೆನ್ನಾಗಿದೆ ಟೀಚರ್? ಓದೋಕೆ ಶುರು ಮಾಡಿದ್ರೆ ಬಿಡೋಕೆ ಮನಸ್ಸು ಬರಬಾರದು, ಅಂಥದ್ದು."

ಟೀಚರ್ ಕೈ ಅಭ್ಯಾಸಬಲದಿಂದ ಕಪಾಟಿನ ಕಡೆ ಹೋಯಿತು. ಒಂದು ನಂಬರಿನ ಮೇಲೆ ನಿಂತಿತು, ಇನ್ನೊಂದಕ್ಕೆ ಸರಿಯಿತು. ಕೊನೆಗೆ ಒಂದನ್ನು ಎಳೆದುಕೊಟ್ಟರು. "ಇದು ತಗೋ. ಒಳ್ಳೇದು."

"ನೀವು ಓದಿದ್ದೀರಾ?"

ಹುಡುಗಿ ಚುಚ್ಚಲೆಂದು ಕೇಳಿರಲಿಲ್ಲ. ಆದರೆ ಕಪಾಟಿನ ಆಚೆ ಯಾರೋ ಕಿಸಕ್ಕೆಂದು ನಕ್ಕರು. ಟೀಚರ್ ಮುಖ ಬಿಸಿಯಾಯಿತು. ಗುಬ್ಬಿಯ ಹೆಸರಿದ್ದ ಲೈಬ್ರರಿ ಕಾರ್ಡನ್ನು ಈಸಿಕೊಂಡು, "ಇನ್ನು ಪರೀಕ್ಷೆ ಮುಗಿಯೋ ತನಕ ನಿನಗೆ ಪುಸ್ತಕ ಇಲ್ಲ. ಬಾಗಿಲ ಹತ್ರ ನಿಂತ್ಕೋ," ಎಂದುಬಿಟ್ಟರು. ಹುಡುಗಿ ಅಳಲಿಲ್ಲ. ಸುಲಿದ ಪುಸ್ತಕಗಳನ್ನು ಅಂಚು ಸರಿಮಾಡಿ ಮೇಜಿನ ಮೇಲಿಟ್ಟು ಹೋಗಿ ನಿಂತಳು.

ಊಟದ ಬಿಡುವಿನಲ್ಲಿ ಕೋಣೆ ಬರಿದಾದಾಗ, ಟೀಚರ್ ಹೊಸ ಕಾಗದ ಅಳೆದು ಕತ್ತರಿಸಲು ಕೂತರು. ಮೊದಲ ಪುಸ್ತಕ ಕೈಗೆತ್ತಿಕೊಂಡರು. ರಟ್ಟಿನ ಮೇಲೆ ಕಡುನೀಲಿ ಕತ್ತಲು, ಅದರ ನಡುವೆ ತಲೆಗೆ ತಾನೇ ದೀಪ ಕಟ್ಟಿಕೊಂಡಂಥ ಒಂದು ವಿಕಾರ ಮೀನು, ಬಾಯಿ ತುಂಬ ಸೂಜಿಹಲ್ಲು. ಸಮುದ್ರದ ತಳದಲ್ಲಿ ಬಾಳುವ ಜೀವಿಗಳ ಪುಸ್ತಕ. ಇಂಥದ್ದೊಂದು ತಮ್ಮ ಕೋಣೆಯಲ್ಲಿದೆ ಎಂಬುದೇ ಅವರಿಗೆ ನೆನಪಿರಲಿಲ್ಲ. ಇದಕ್ಕೆ ಬೈಂಡು ಹಾಕಿದ್ದು ಇದೇ ಕೈ. ಹಾಕುವಾಗ ಕಣ್ಣೆಲ್ಲ ಕಾಗದದ ಮಡಿಕೆಯ ಮೇಲಿತ್ತು.

ಒಂದು ಪುಟ ತಿರುವಿದರು. ಮತ್ತೊಂದು. ಬಿಸಿಲೇ ಹೋಗದ ಜಾಗದಲ್ಲೂ ಭಗವಂತ ಅವುಗಳ ಮೈಯಲ್ಲೇ ಬೆಳಕಿಟ್ಟು ಕಳಿಸಿದ್ದಾನಲ್ಲ ಎಂದುಕೊಂಡರು. ಡಬ್ಬಿಯ ಊಟ ಡಬ್ಬಿಯಲ್ಲೇ ಉಳಿಯಿತು. ಬೆಲ್ಲು ಹೊಡೆದದ್ದು ಅವರಿಗೆ ಕೇಳಿಸಲಿಲ್ಲ. ಕೊನೆಯ ಪುಟ ಮುಚ್ಚಿ ತಲೆಯೆತ್ತಿದಾಗ ಎದುರಿಗೆ ಖಾಕಿ ಗೋಡೆ ನಿಂತಿತ್ತು. ಅದರ ಹಿಂದೆ ಇನ್ನೂ ಏನೇನಿದೆಯೋ ತಮಗೂ ಗೊತ್ತಿಲ್ಲ. ಎಷ್ಟೋ ವರ್ಷಗಳಿಂದ ತಾವು ಒಂದು ಪುಸ್ತಕವನ್ನೂ ಓದಿಲ್ಲ, ಅಂಗಿ ಹೊಲಿದುಕೊಂಡು ಕೂತಿದ್ದಷ್ಟೇ ಎಂಬುದು ಹೊಳೆದಾಗ ಅವರಿಗೆ ಅಳು ಬರಲಿಲ್ಲ. ಸುಸ್ತಾಯಿತು. ಸುಮ್ಮನೆ ಬಹಳ ಸುಸ್ತಾಯಿತು.

ಆಮೇಲೆ ಎದ್ದು, ಮೊದಲ ಸಾಲಿನಿಂದ ಬೈಂಡು ಬಿಚ್ಚತೊಡಗಿದರು.

ಹಾಕುವುದಕ್ಕಿಂತ ಬಿಚ್ಚುವುದೇ ಕಷ್ಟದ ಕೆಲಸವಾಗಿತ್ತು. ಹಳೆಯ ಗೋಂದು ಕೆಲವು ರಟ್ಟುಗಳ ಬಣ್ಣವನ್ನೂ ಕಿತ್ತುಕೊಂಡು ಬಂತು. ಉಗುರು ಸಂದಿಯಲ್ಲಿ ಉರಿ. ಸಂಜೆ ಬಸ್ಸಿನ ಕೆಲಸ ಮುಗಿಸಿ ಗಂಡ ಹುಡುಕಿಕೊಂಡು ಬಂದಾಗ ಅವರು ಕಾಗದದ ರಾಶಿಯ ನಡುವೆ ನೆಲದ ಮೇಲೆ ಕೂತಿದ್ದರು.

"ಏನೇ ಇದು, ಎಲ್ಲರಿಗೂ ಒಟ್ಟಿಗೆ ಸ್ನಾನನಾ?"

"ನಗಬೇಡಿ ರೀ. ನಂಗೆ ನಗೋ ಶಕ್ತಿ ಇಲ್ಲ."

ಅವರು ನಗಲಿಲ್ಲ. ಪಕ್ಕದಲ್ಲಿ ಕೂತು ತಾವೂ ಬಿಚ್ಚತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ಕಡೆಯಿಂದ ಸದ್ದು ನಿಂತಿತು. ನೋಡಿದರೆ ಯಾವುದೋ ಕಳ್ಳನ ಕಥೆಯೊಳಗೆ ಮೂಗು ತೂರಿಸಿದ್ದರು.

"ರೀ, ಕೆಲಸ."

"ಇರು, ಸಿಕ್ಕಿಬೀಳ್ತಾನೆ ಈಗ."

ಮರುದಿನ ಟೀಚರ್ ಹೋಗಿ ಗಣಿತದ ಮೇಷ್ಟರ ಹತ್ತಿರ ಅವರ ಪಿರಿಯಡ್ಡನ್ನು ಬೇಡಿಕೊಂಡರು. ಏಳನೇ ತರಗತಿ ಬಂದು ಬಾಗಿಲಲ್ಲೇ ನಿಂತುಬಿಟ್ಟಿತು. ಕಪಾಟು, ಮೇಜು, ನೆಲ, ಕಿಟಕಿಯ ಕಟ್ಟೆ, ಎಲ್ಲೆಡೆ ಪುಸ್ತಕಗಳು ಮುಖ ಮೇಲೆ ಮಾಡಿ ಮಲಗಿದ್ದವು. ಕೆಂಪು, ಹಸಿರು, ಹುಲಿ, ರೈಲು, ದೆವ್ವ, ಅಡುಗೆ, ಚಂದ್ರ.

"ಬೇಕಾದ್ದು ತಗೊಳ್ಳಿ," ಎಂದರು ಟೀಚರ್. "ನಾಲ್ಕು ಪುಟ ಓದಿ ನೋಡಿ. ಹಿಡಿಸಲಿಲ್ವಾ, ಇಟ್ಟು ಬೇರೆ ತಗೊಳ್ಳಿ. ದಪ್ಪ ತೆಳ್ಳಗೆ ನಿಮ್ಮಿಷ್ಟ."

"ಸಾರಾಂಶ ಟೀಚರ್?" ಲೊಡಲೊಡೆಗೆ ಅನುಮಾನ.

"ಬೇಡ."

"ಆಮೇಲೆ ಕೇಳಲ್ಲ ತಾನೇ?"

"ಕೇಳಲ್ಲಪ್ಪ. ಹೇಳಬೇಕು ಅನ್ನಿಸಿದ್ರೆ ಬಂದು ಹೇಳು, ಕೂತು ಕೇಳಿಸ್ಕೋತೀನಿ."

ಮೊದಲು ಯಾರೂ ಅಲ್ಲಾಡಲಿಲ್ಲ. ಆಮೇಲೆ ಒಬ್ಬಳು ಬಗ್ಗಿದಳು. ಅವಳ ಹಿಂದೆ ಇನ್ನಿಬ್ಬರು. ದೆವ್ವದ ಪುಸ್ತಕಕ್ಕೆ ಜಗ್ಗಾಟ ಶುರುವಾಯಿತು. ಕೋಣೆ ಸಂತೆಯಾಯಿತು. ಟೀಚರ್ ತೋರುಬೆರಳು ತುಟಿಯ ತನಕ ಹೋಗಿ, ಹಾಗೇ ಗಲ್ಲ ಕೆರೆದುಕೊಂಡು ಕೆಳಗಿಳಿಯಿತು. ಎಲ್ಲರಿಗೂ ಹಿಡಿಸಿತೆಂದೇನಿಲ್ಲ. ಇಬ್ಬರು ಕಿಟಕಿಯ ಬಳಿ ಆಕಳಿಸುತ್ತಲೇ ಇದ್ದರು. ಲೊಡಲೊಡೆ ಮಾತ್ರ ರೈಲಿನ ದಪ್ಪ ಪುಸ್ತಕದ ಮೇಲೆ ಬೋರಲಾಗಿ ಮಲಗಿದ್ದ, ಬಾಯಿ ಮುಚ್ಚಿತ್ತು.

ಗದ್ದಲ ಕೇಳಿ ಹೆಡ್‌ಮಾಸ್ಟರು ಬಂದರು. ಹೊಸ್ತಿಲಲ್ಲಿ ಕಾಲಿಡಲು ಜಾಗ ಸಿಗದೆ ಒಂದು ಪುಸ್ತಕ ಎತ್ತಿಕೊಂಡರು.

"ಇವೆಲ್ಲ ನಮ್ಮಲ್ಲೇ ಇದ್ವಾ ಮೇಡಂ?"

"ಇದ್ವು ಸರ್. ನಾನೇ ಬಚ್ಚಿಟ್ಟಿದ್ದೆ."

ಅವರಿಗೆ ಅರ್ಥವಾಯಿತೋ ಇಲ್ಲವೋ. ಒಂದೊಂದೇ ತಲೆಯನ್ನು ನೋಡುತ್ತ ನಿಂತರು. "ಹರಿದು ಹಾಕ್ತಾರೆ ಇವರು."

"ಹರೀತಾರೆ. ಅಂಟಿಸೋಣ."

"ಹೂಂ," ಎಂದು ಅವರು ನಿಟ್ಟುಸಿರಿಟ್ಟರು. "ಮೂಟೆ ಕಟ್ಟೋದು ಸದ್ಯಕ್ಕೆ ಬೇಡ. ತಯಾರಿ ಕ್ಲಾಸ್ ನನ್ನ ರೂಮಲ್ಲೇ ಇಟ್ಕೋತೀನಿ. ಮುಂದಿಂದು ಮುಂದೆ ನೋಡೋಣ." ಕೈಲಿದ್ದ ಪುಸ್ತಕವನ್ನು ಕೆಳಗಿಡುವುದನ್ನು ಮರೆತೇ ಹೋದರು.

ಟೀಚರ್ ಮಂಡಿ ಹಿಡಿದುಕೊಂಡು ಎದ್ದರು. ನಿನ್ನೆಯ ಶಿಕ್ಷೆ ಮುಗಿದಿಲ್ಲವೆಂದುಕೊಂಡು ಗುಬ್ಬಿ ಇವತ್ತೂ ಬಾಗಿಲ ಹತ್ತಿರವೇ ನಿಂತಿದ್ದಳು. ಎರಡೂ ಕೈ ಬೆನ್ನ ಹಿಂದೆ, ಕಣ್ಣು ಮಾತ್ರ ಒಂದು ಮೂಲೆಯಿಂದ ಇನ್ನೊಂದಕ್ಕೆ ಓಡಾಡುತ್ತಿತ್ತು. ಟೀಚರ್ ಪುಸ್ತಕಗಳ ನಡುವೆ ಜಾಗ ಮಾಡಿಕೊಳ್ಳುತ್ತ ಅವಳ ಬಳಿಗೆ ಹೋದರು. ಹುಡುಗಿಯ ಒಂದು ಕೈಯನ್ನು ಬೆನ್ನ ಹಿಂದಿನಿಂದ ಮೆಲ್ಲಗೆ ಎಳೆದು, ಅಂಗೈ ಬಿಡಿಸಿ, ಅದರಲ್ಲಿ ಅವಳ ಕಾರ್ಡನ್ನು ಇಟ್ಟರು.