ನೂರಾ ಮೂವತ್ತು, ಎಂಬತ್ತು

ಬಾವ ತಾವಾಗಿಯೇ ನಡೆದುಕೊಂಡು ಬಂದಿದ್ದರು. ಯಾರೂ ಕೈ ಹಿಡಿದು ಕರೆತಂದಿರಲಿಲ್ಲ. ಬಾಗಿಲಲ್ಲಿ ನಿಂತು, ದಪ್ಪನೆಯ ಕೈಗವಸುಗಳನ್ನು ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು, "ಸಿಸ್ಟರ್, ಎದೆ ಉರೀತಿದೆ. ಒಂದು ಗ್ಯಾಸ್ ಮಾತ್ರೆ ಕೊಡಿ" ಎಂದರು.

ಗಾಜಿನ ಬಾಟಲಿ ಮಾಡುವ ಆ ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಗೆ ಅವಳು ನರ್ಸು. ಅವರು ಕುಲುಮೆ ವಿಭಾಗದ ಮೇಸ್ತ್ರಿ, ಅವಳ ಅಕ್ಕನ ಗಂಡ. ಮನೆಯಲ್ಲಿ ಅವಳನ್ನು ಪುಟ್ಟಿ ಎಂದು ಕರೆಯುವವರು, ಗೇಟು ದಾಟಿದ ಕೂಡಲೇ ಎಲ್ಲರಂತೆ ಸಿಸ್ಟರ್ ಎನ್ನುತ್ತಿದ್ದರು. ಬಹುವಚನ ಬೇರೆ. ಅದು ಅವರಿಬ್ಬರ ನಡುವಿನ ಹಳೇ ತಮಾಷೆ.

ಕುಲುಮೆಯವರು ಬೆವರುವುದು ಹೊಸದೇನಲ್ಲ. ಆದರೆ ಅವಳು ಕೈ ಮುಟ್ಟಿ ನೋಡಿದಾಗ ಬೆವರು ತಣ್ಣಗಿತ್ತು. ಮುಖಕ್ಕೆ ಬೂದಿ ಬಳಿದ ಹಾಗೆ ಆಗಿತ್ತು. ಅವಳು ಅವರನ್ನು ಮಲಗಿಸಿ, ಆಸ್ಪಿರಿನ್ ಮಾತ್ರೆ ಅಗಿಯಲು ಕೊಟ್ಟು, ಆಂಬುಲೆನ್ಸಿಗೆ ಫೋನ್ ಮಾಡಿದಳು.

"ಇಷ್ಟಕ್ಕೆಲ್ಲ ಗಾಡಿ ಯಾಕೆ ಪುಟ್ಟಿ?" ಎಂದರು ಬಾವ. ಕಾರ್ಖಾನೆಯೊಳಗೆ ಅವರು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು.

ಗಾಡಿ ಬೇಗನೆ ಬಂತು. ಅವಳೂ ಹತ್ತಿದಳು. ಎರಡನೇ ಸಿಗ್ನಲ್ ದಾಟುವಷ್ಟರಲ್ಲಿ ಬಾವನ ಕೈ ಅವಳ ಕೈಯಲ್ಲಿ ಭಾರವಾಯಿತು. ಎದೆ ಒತ್ತಿದಳು, ಎಣಿಸುತ್ತ ಒತ್ತಿದಳು, ಆಸ್ಪತ್ರೆಯ ಬಾಗಿಲು ಬರುವವರೆಗೂ ಒತ್ತುತ್ತಲೇ ಇದ್ದಳು. ಒಳಗಿನವರೂ ಸುಮಾರು ಹೊತ್ತು ಒತ್ತಿ ಆಮೇಲೆ ಕೈ ತೆಗೆದರು. ಬಾವನಿಗೆ ನಲವತ್ತೊಂಬತ್ತು.

ಮುಂದಿನ ಹತ್ತು ದಿನ ಅವಳು ಏನೇನು ಮಾಡಿದಳೆಂದು ಕೇಳಿದರೆ ಎಲ್ಲವನ್ನೂ ಹೇಳಬಲ್ಲಳು. ಬಂದವರಿಗೆ ಕುರ್ಚಿ ಹಾಕಿದಳು. ಟೀ ಲೋಟ ತೊಳೆದಳು. ಅಕ್ಕನ ಮಗಳನ್ನು ಹಾಸ್ಟೆಲಿನಿಂದ ಕರೆಸಿದಳು, ಪರೀಕ್ಷೆ ಇದೆಯೆಂದು ಮತ್ತೆ ಕಳಿಸಿದಳು. ಅಳು ಮಾತ್ರ ಬರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆಗೆ ಸ್ಪರ್ಶವೇ ಇರುವುದಿಲ್ಲವಲ್ಲ, ಹಾಗೆ. ತನ್ನ ಕೈಯನ್ನೇ ಇನ್ನೊಬ್ಬರ ಕೈಯೇನೋ ಎಂಬಂತೆ ನೋಡಿಕೊಂಡಳು.

ಹನ್ನೊಂದನೇ ದಿನ ಕೆಲಸಕ್ಕೆ ಹೋದಳು. ಅವತ್ತು ಬುಧವಾರ, ಕಾರ್ಖಾನೆಗೆ ವಾರಕ್ಕೊಮ್ಮೆ ಡಾಕ್ಟರು ಬರುವ ದಿನ. ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ತಪಾಸಣೆಯ ರಿಜಿಸ್ಟರನ್ನು ತೆರೆದು ಬಾವನ ಹೆಸರಿನ ಮುಂದೆ ಬೆರಳಾಡಿಸಿದರು. ನೂರಾ ಮೂವತ್ತು, ಎಂಬತ್ತು. ಕೆಳಗೆ ಮತ್ತೆ ಅದೇ. ಅದರ ಕೆಳಗೂ ಅದೇ.

"ಬಿಪಿ ಚೆನ್ನಾಗೇ ಇತ್ತಲ್ಲಮ್ಮ. ಕೆಲವರಿಗೆ ಹೀಗಾಗಿಬಿಡುತ್ತೆ. ಯಾಕೆ ಅಂತ ಹೇಳೋಕಾಗಲ್ಲ" ಎಂದರು.

"ಹೌದು ಡಾಕ್ಟ್ರೇ" ಎಂದಳು.

ಅವರು ಸಹಿ ಹಾಕಿ ಪುಟ ತಿರುಗಿಸಿದರು. ಅವಳು ಬಿಪಿ ನೋಡುವ ಪಟ್ಟಿಯ ಮೇಲುಹೊದಿಕೆಯನ್ನು ಬಿಚ್ಚಿ ಸೋಪು ನೀರಿನಲ್ಲಿ ನೆನೆಹಾಕಿದಳು. ಅದು ಸ್ವಚ್ಛವಾಗಿಯೇ ಇತ್ತು.

ಆ ಅಂಕಿಗಳು ಎಲ್ಲಿಂದ ಬಂದವೆಂದು ಅವಳಿಗೆ ಗೊತ್ತಿತ್ತು. ಕುಲುಮೆಯ ಬಾಯಿಯ ಹತ್ತಿರ ನಿಲ್ಲುವವರಿಗೆಲ್ಲ ಮೂರು ತಿಂಗಳಿಗೊಮ್ಮೆ ತಪಾಸಣೆ. ಮೇಲಿನ ಅಂಕಿ ನೂರೈವತ್ತು ದಾಟಿದರೆ ಪ್ಯಾಕಿಂಗ್ ವಿಭಾಗಕ್ಕೆ ಕಳಿಸಬೇಕೆಂಬುದು ನಿಯಮ. ಬಿಪಿ ಎಂದು ಹೋದವರು ಹಿಂದಿರುಗಿದ್ದನ್ನು ಯಾರೂ ಕಂಡಿರಲಿಲ್ಲ. ಎರಡು ವರ್ಷದ ಹಿಂದೆ ಬಾವ ತೋಳು ಮಡಿಸಿ ಕೂತಾಗ ನೂರ ಎಪ್ಪತ್ತಾರು, ನೂರೆಂಟು ತೋರಿಸಿತ್ತು. ಅವಳು ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಮಾತಾಡಬೇಡಿ ಎಂದು ಹೇಳಿ ಮತ್ತೆ ನೋಡಿದ್ದಳು. ಹೆಚ್ಚೇನೂ ಇಳಿದಿರಲಿಲ್ಲ.

"ತಲೆನೋವಿತ್ತಾ ಬಾವ?"

"ನೀವು ಕೇಳೋವರೆಗೂ ಇರಲಿಲ್ಲ ಸಿಸ್ಟರ್."

"ತಮಾಷೆ ಬೇಡ. ಇದು ಹೆಚ್ಚಾಯ್ತು."

"ನನಗೇನೂ ಆಗ್ತಾ ಇಲ್ಲ ಅಂದ್ರೆ ನಂಬಿ. ಇಪ್ಪತ್ತಾರು ವರ್ಷ ಬೆಂಕಿ ಮುಂದೆ ನಿಂತೋನನ್ನ ಡಬ್ಬಕ್ಕೆ ಟೇಪ್ ಅಂಟಿಸೋಕೆ ಕಳಿಸ್ತೀರಾ? ಎರಡು ಅಂಕಿ ತಾನೇ. ನಿಮ್ಮ ಕೈಲಿದೆ."

ಅವಳು ಒಂದು ಷರತ್ತು ಹಾಕಿದ್ದಳು: ಹೊರಗಿನ ಡಾಕ್ಟರಿಗೆ ತೋರಿಸಿ ಮಾತ್ರೆ ತಗೊಳ್ಳಬೇಕು, ಒಂದು ದಿನವೂ ಬಿಡಬಾರದು. ಬಾವ ಒಪ್ಪಿದರು, ತೋರಿಸಿದರು, ಮಾತ್ರೆ ಶುರು ಮಾಡಿದರು. ಮುಂದಿನ ತಪಾಸಣೆಯಲ್ಲಿ ನಿಜವಾಗಿಯೂ ಇಳಿದಿತ್ತು. ಅವತ್ತು ಅವಳು ಬರೆದದ್ದು ನಿಜವಾದ ಅಂಕಿ. ಅದರ ಮುಂದಿನ ಸಲ ಮತ್ತೆ ನೂರ ಎಪ್ಪತ್ತು. "ಮಾತ್ರೆ ತಗೋತಿದ್ದೀನಿ ಸಿಸ್ಟರ್, ನಿನ್ನೆ ಸರಿಯಾಗಿ ನಿದ್ದೆ ಆಗಿಲ್ಲ" ಎಂದರು. ನಂಬುವುದು ಸುಲಭವಾಗಿತ್ತು. ಅವಳು ನಂಬಿದಳು. ಕೊನೆಕೊನೆಗೆ ಪಟ್ಟಿ ಸುತ್ತುವುದೂ ನಿಂತಿತ್ತು. ಬಾವ ಬಂದು ಟೀ ಕುಡಿದು ಹೋಗುತ್ತಿದ್ದರು, ಅವಳು ಬರೆದುಕೊಳ್ಳುತ್ತಿದ್ದಳು.

ಸ್ವಂತ ಬಾವನಿಗೆ ಬರೆದ ಮೇಲೆ ಬೇರೆಯವರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಒಬ್ಬೊಬ್ಬರಾಗಿ ಏಳು ಜನ ಆದರು. "ಸಿಸ್ಟರ್ ಕೈಗುಣ ಒಳ್ಳೇದಪ್ಪ, ಮುಟ್ಟಿದ್ರೆ ಸಾಕು ಬಿಪಿ ಇಳಿಯುತ್ತೆ" ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು. ಅವಳೂ ನಕ್ಕಿದ್ದಳು.

ತಿಂಗಳಾದ ಮೇಲೆ ಒಂದು ಭಾನುವಾರ, ಮಧ್ಯಾಹ್ನ ಅಕ್ಕನ ಮನೆಗೆ ಹೋದಳು. ಅಕ್ಕ ಬಾವನ ಬಟ್ಟೆಗಳನ್ನು ಮಂಚದ ಮೇಲೆ ಮಡಿಸಿಡುತ್ತಿದ್ದಳು. ಅಂಗಿಗಳ ಮುಂಗೈ ಹತ್ತಿರ ಕಿಡಿ ಸಿಡಿದ ಸಣ್ಣ ಸಣ್ಣ ತೂತುಗಳಿದ್ದವು. ಇವಳು ಎದುರಿಗೆ ಕೂತು ಇನ್ನೊಂದು ಅಂಗಿಯನ್ನು ಕೈಗೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ಮಡಿಸಿದರು.

"ಅಕ್ಕ, ನಿನಗೊಂದು ವಿಷಯ ಹೇಳಬೇಕು. ಬಾವನ ಬಿಪಿ ಜಾಸ್ತಿ ಇತ್ತು. ನಾನು ರಿಜಿಸ್ಟರಲ್ಲಿ—"

"ಗೊತ್ತು" ಎಂದಳು ಅಕ್ಕ.

ಅವಳು ಎದ್ದು ಹೋಗಿ ಬೀರುವಿನ ಕೆಳಗಿನ ಖಾನೆಯಿಂದ ಒಂದು ಶೂ ಡಬ್ಬ ತಂದು ಮಂಚದ ಮೇಲಿಟ್ಟಳು. ಒಳಗೆ ಮಾತ್ರೆಯ ಹಾಳೆಗಳು. ಒಂದನ್ನೂ ಒಡೆದಿರಲಿಲ್ಲ. ತಿಂಗಳು ತಿಂಗಳು ತಂದು ತುಂಬಿಸಿದ್ದರು.

"ಮೊದಲು ಮೂರು ನಾಲ್ಕು ತಿಂಗಳು ತಗೊಂಡ್ರು. ಆಮೇಲೆ ಕಾಲು ಊದ್ಕೊಳ್ಳೋಕೆ ಶುರುವಾಯ್ತು. ಪಾದ, ಹರಡು, ಎರಡೂ. ಸೇಫ್ಟಿ ಬೂಟೊಳಗೆ ಕಾಲು ಹೋಗ್ತಿರಲಿಲ್ಲ. ಬಿಟ್ಟುಬಿಟ್ರು. ನಾಲ್ಕು ದಿನಕ್ಕೆ ಊತ ಇಳೀತು. ನೋಡು, ಮಾತ್ರೆನೇ ರೋಗ ಅಂದ್ರು."

"ಕೆಲವು ಮಾತ್ರೆಗೆ ಹಾಗಾಗುತ್ತೆ ಅಕ್ಕ. ಹೇಳಿದ್ರೆ ಬೇರೆ ಮಾತ್ರೆ ಬರೆದುಕೊಡ್ತಾರೆ. ಬೇಕಾದಷ್ಟು ಥರ ಇದೆ. ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬರೆಯೋದು ನಿಲ್ಲಿಸ್ತೀಯ ಅಂತ."

ಇವಳ ಕೈಯಲ್ಲಿ ಅರ್ಧ ಮಡಿಸಿದ ಅಂಗಿ ಇತ್ತು. ಅದನ್ನು ಪೂರ್ತಿ ಮಡಿಸಿದಳು.

"ನಿನ್ನ ಕೇಳಿ ಅಂತ ಅವರಿಗೆ ಹೇಳಿದ್ದೂ ನಾನೇ" ಎಂದಳು ಅಕ್ಕ. ದನಿ ಏರಲಿಲ್ಲ, ಇಳಿಯಲಿಲ್ಲ. "ಕೈ ಸುಟ್ಟುಕೊಂಡಾಗ ಆರು ವಾರ ಪ್ಯಾಕಿಂಗಿಗೆ ಹಾಕಿದ್ರಲ್ಲ, ನಿನಗೆ ನೆನಪಿರಬೇಕು. ಮನೆಗೆ ಬಂದು ಗೋಡೆ ಕಡೆ ಮುಖ ಮಾಡ್ಕೊಂಡು ಕೂರ್ತಿದ್ರು. ಊಟಕ್ಕೆ ಕರೆದ್ರೆ ಹೂಂ ಅನ್ನೋರು, ಏಳ್ತಿರಲಿಲ್ಲ. ಮತ್ತೆ ಅದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ. ನನ್ನ ತಂಗಿ ಇಲ್ಲ ಅನ್ನಲ್ಲ, ಹೋಗಿ ಕೇಳಿ ಅಂದೆ."

ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಸ್ಟಾರ್ಟ್ ಆಗಲಿಲ್ಲ. ಇವಳಿಗೆ ಅಕ್ಕನ ಮೇಲೆ ಸಿಟ್ಟು ಬರಬಹುದಿತ್ತು, ಬರಲಿಲ್ಲ. ತನ್ನ ತಲೆಯ ಮೇಲಿನ ಭಾರ ಅರ್ಧಕ್ಕೆ ಇಳಿಯಬಹುದಿತ್ತು, ಅದೂ ಇಳಿಯಲಿಲ್ಲ. ಅಷ್ಟೇ ಭಾರ ಅಕ್ಕನ ಮೇಲೂ ಇದೆಯೆಂದು ತಿಳಿಯಿತು, ಅಷ್ಟೇ.

ಮುಂದಿನ ಬುಧವಾರ ಡಾಕ್ಟರು ಕುರ್ಚಿಯಲ್ಲಿ ಕೂರುವ ಮೊದಲೇ ಅವಳು ರಿಜಿಸ್ಟರನ್ನು ಅವರ ಮುಂದಿಟ್ಟು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಕೇಳಿದ್ದು ಒಂದೇ ಮಾತು.

"ಇನ್ನೂ ಎಷ್ಟು ಜನ ಇದ್ದಾರೆ?"

"ಏಳು."

"ಕರೆಸಿ. ಈಗಲೇ."

ಮೊದಲು ಬಂದವನು ಗಡಿಯಾರ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವನಲ್ಲವಾದ್ದರಿಂದ ಆ ಹೆಸರು. ಅವಳು ಪಟ್ಟಿ ಹಿಡಿದು ನಿಂತದ್ದನ್ನು ನೋಡಿ ಅವನು ಕೈ ಕಟ್ಟಿಕೊಂಡ.

"ಇದೇನು ಸಿಸ್ಟರ್ ಹೊಸದು? ಸುಮ್ನೆ ಬರ್ಕೊಳ್ತಿದ್ರಲ್ಲ. ಈಗೇನಾಯ್ತು?"

"ನಮ್ಮ ಬಾವ ಸತ್ತರು" ಎಂದಳು, ಟೀ ಮುಗಿದಿದೆ ಎಂದು ಹೇಳುವ ದನಿಯಲ್ಲಿ.

ಅವನು ಕೂತು ತೋಳು ಚಾಚಿದ. ನೂರ ಎಂಬತ್ತೆಂಟು, ನೂರ ಹನ್ನೆರಡು. ಎರಡನೇ ಸಲವೂ ಹೆಚ್ಚುಕಡಿಮೆ ಅಷ್ಟೇ. ಅವಳು ಆ ಅಂಕಿಯನ್ನು ಬರೆದಳು. ಹಾಗೆ ನಿಜವನ್ನು ಬರೆದು ಬಹಳ ದಿನವಾಗಿದ್ದರಿಂದ ಪೆನ್ನು ಒಂದು ಕ್ಷಣ ತಡೆಯಿತು.

ಡಾಕ್ಟರು ಏಳು ಜನರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಏನೂ ಆಗ್ತಿಲ್ಲ ಅಂತೀರಿ. ನಿಜ, ಇದರಲ್ಲಿ ಏನೂ ಗೊತ್ತಾಗಲ್ಲ. ನೋವಿಲ್ಲ, ಜ್ವರ ಇಲ್ಲ. ಒಳಗೆ ಮಾತ್ರ ರಕ್ತನಾಳದ ಗೋಡೆ ಹಾಳಾಗ್ತಾ ಇರುತ್ತೆ, ಹೃದಯ ಮೂಟೆ ಹೊತ್ತುಕೊಂಡೇ ಇರುತ್ತೆ. ಮಾತ್ರೆ ದಿನಾ ತಗೊಳ್ಳಿ. ಬಿಪಿ ಇಳಿದ್ರೆ ಅದು ಮಾತ್ರೆಯಿಂದ ಇಳಿದಿರೋದು, ವಾಸಿಯಾಯ್ತು ಅಂತ ಬಿಡಬೇಡಿ. ಕಾಲು ಊದಿದ್ರೆ, ಕೆಮ್ಮು ಬಂದ್ರೆ, ತಲೆ ಸುತ್ತಿದ್ರೆ ಬಂದು ಹೇಳಿ, ಬದಲಾಯಿಸೋಣ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಬೀಡಿ ಸಿಗರೇಟು ಬಿಡಿ. ಊಟಕ್ಕೆ ಉಪ್ಪು ಕಡಿಮೆ ಮಾಡಿ."

"ಉಪ್ಪಾ?" ಎಂದ ಗಡಿಯಾರ. "ಡ್ರಮ್ಮಿನ ನೀರಿಗೆ ಉಪ್ಪು ಹಾಕಿ ಕುಡಿಸೋರು ನೀವೇ ಅಲ್ವಾ ಡಾಕ್ಟ್ರೇ?"

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಬೆವರಿ ಬೆವರಿ ಸುಸ್ತಾಗದಿರಲೆಂದು ಕುಲುಮೆಯವರಿಗೆ ಉಪ್ಪು ಬೆರೆಸಿದ ನೀರನ್ನು ಇಡುವುದು ಅಲ್ಲಿನ ವಾಡಿಕೆ. ಡಾಕ್ಟರು ನಗಲಿಲ್ಲ. "ಸರಿಯಾಗಿ ಕೇಳಿದೆ" ಎಂದು ಚೀಟಿಯಲ್ಲಿ ಗುರುತು ಮಾಡಿಕೊಂಡರು. ಮಾರನೇ ದಿನದಿಂದ ಉಪ್ಪಿಲ್ಲದ ನೀರಿನ ಇನ್ನೊಂದು ಡ್ರಮ್ಮು ಬಂತು. ಈ ಏಳು ಜನ ಯಾವುದರಿಂದ ಎಷ್ಟು ಕುಡಿಯಬೇಕೆಂದು ಅವರೇ ಹೇಳಿಕೊಟ್ಟರು.

ಸುಳ್ಳು ಬರೆದ ವಿಷಯ ಆಡಳಿತದವರಿಗೆ ಹೋಗಲೇಬೇಕಿತ್ತು, ಹೋಯಿತು. ಎರಡು ವಾರ ಅವಳನ್ನು ಕೆಲಸದಿಂದ ಹೊರಗಿಟ್ಟರು. ವಿಚಾರಣೆಗೆ ಮೂವರು ಮೇಜಿನ ಆಚೆ ಕೂತಿದ್ದರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಾಗ, "ಬಿಪಿ ಅಂತ ಪ್ಯಾಕಿಂಗಿಗೆ ಹೋದವರು ವಾಪಸ್ಸು ಬರಲ್ಲ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಎಲ್ಲರೂ ಮುಚ್ಚಿಡ್ತಾರೆ. ನಾನೂ ಮುಚ್ಚಿಟ್ಟೆ. ತಪ್ಪು ನನ್ನದೇ" ಎಂದಳು. ಡಾಕ್ಟರೂ ಒಂದು ಪತ್ರ ಕೊಟ್ಟಿದ್ದರು. ಕೊನೆಗೆ ಅವಳಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಒಂದು ವರ್ಷ ಅವಳು ಬರೆದದ್ದಕ್ಕೆಲ್ಲ ಇನ್ನೊಬ್ಬರ ಸಹಿ ಬೇಕೆಂದಾಯಿತು. ಜೊತೆಗೆ ನಿಯಮವೂ ಬದಲಾಯಿತು. ಬಿಪಿ ಹೆಚ್ಚಿದ್ದವರು ಅದು ಹಿಡಿತಕ್ಕೆ ಬರುವವರೆಗೆ ಮಾತ್ರ ತಣ್ಣಗಿನ ಕಡೆ ಕೆಲಸ ಮಾಡಬೇಕು, ಡಾಕ್ಟರು ಬರೆದುಕೊಟ್ಟರೆ ತಮ್ಮ ಜಾಗಕ್ಕೆ ಮರಳಬಹುದು.

ಗಡಿಯಾರ ಆರನೇ ವಾರ ಕುಲುಮೆಗೆ ಮರಳಿದ. ನಡುವೆ ಒಣಕೆಮ್ಮು ಬಂದು ಮಾತ್ರೆ ಒಂದು ಸಲ ಬದಲಾಗಿತ್ತು. ಸಿಸ್ಟರಿಗೆ ಥ್ಯಾಂಕ್ಸ್ ಎಂದೇನೂ ಅವನು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಕಷ್ಟವಾಗುತ್ತಿತ್ತು.

ಮನೆಯಲ್ಲಿ ಕೂತಿದ್ದ ಆ ಎರಡು ವಾರದಲ್ಲೇ ಒಂದು ಬೆಳಿಗ್ಗೆ ತನ್ನ ಸ್ವಂತದ ಬಿಪಿ ಮಷಿನ್ ತೆಗೆದುಕೊಂಡು ಅಕ್ಕನ ಮನೆಗೆ ಹೋಗಿದ್ದಳು. ಅಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಕೇಳದೆಯೇ ಇವಳು ತೋಳಿಗೆ ಪಟ್ಟಿ ಸುತ್ತಿದಳು. ಆ ವಾರದಲ್ಲಿ ಮೂರು ದಿನ ನೋಡಿದಳು. ಮೂರು ದಿನವೂ ಮೇಲಿನದು ನೂರ ಅರವತ್ತರ ಆಸುಪಾಸಿನಲ್ಲೇ ಇತ್ತು.

"ಕ್ಲಿನಿಕ್ಕಿಗೆ ಹೋಗೋಣ ನಡಿ."

"ನನಗ್ಯಾಕೆ ಮಾತ್ರೆ? ಈಗ ಯಾರಿಗೆ ಬೇಕು?"

"ನನ್ನ ಕೈಲಿ ಇನ್ನೊಂದು ಸಲ ಆಗಲ್ಲ ಅಕ್ಕ."

ಅಕ್ಕ ಸ್ಟೂಲಿನಿಂದ ಎದ್ದಳು. ಆಮೇಲೆ ಚಪ್ಪಲಿ ಹುಡುಕಿದಳು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಇವಳು ಬಸ್ಸಿಗೆ ಹೋಗುವ ದಾರಿಯಲ್ಲಿ ಅಕ್ಕನ ಮನೆಗೆ ನುಗ್ಗಿ, ನೀರಿನ ಲೋಟ ಕೊಟ್ಟು, ಮಾತ್ರೆ ನುಂಗುವುದನ್ನು ನಿಂತು ನೋಡಿ ಹೋಗುತ್ತಿದ್ದಳು. ಇಬ್ಬರ ನಡುವೆ ಮಾತು ಕಡಿಮೆ. ಅಕ್ಕ ಕೆಲವೊಮ್ಮೆ ನುಂಗಿದ ಮೇಲೆ ನಾಲಿಗೆ ಹೊರಚಾಚಿ ತೋರಿಸುತ್ತಿದ್ದಳು, ನಂಬಿಕೆ ಇಲ್ಲದ ವಾರ್ಡನ್ನಿಗೆ ತೋರಿಸುವಂತೆ. ಇವಳು ತಲೆಯಾಡಿಸುತ್ತಿದ್ದಳು. ಸಂಜೆ ಅಕ್ಕ ಒಬ್ಬಳೇ ಕೆರೆಯ ದಂಡೆವರೆಗೆ ನಡೆದು ಬರುತ್ತಾಳೆಂದು ಎದುರುಮನೆಯವರು ಹೇಳಿದರು. ಅಕ್ಕ ಅದನ್ನು ಹೇಳಿರಲಿಲ್ಲ.

ನಾಲ್ಕನೇ ತಿಂಗಳ ಒಂದು ದಿನ ಇವಳಿಗೆ ಏಳುವುದು ತಡವಾಯಿತು. ಓಡಿಕೊಂಡು ಹೋದರೆ ಅಕ್ಕ ಆಗಲೇ ಬಾಗಿಲಲ್ಲಿ ನಿಂತಿದ್ದಳು.

"ತಗೊಂಡಾಯ್ತು. ಒಳಗೆ ಬರಬೇಡ, ಬಸ್ಸು ತಪ್ಪುತ್ತೆ. ಹೋಗು."

"ನಿಜವಾಗ್ಲೂ?"

"ನಾನು ಅವರಲ್ಲ" ಎಂದಳು ಅಕ್ಕ. "ಹೋಗು" ಎಂದು ಮತ್ತೆ ಹೇಳಿ ಬಾಗಿಲು ಎಳೆದುಕೊಂಡಳು.

ಬಸ್ಸು ತಪ್ಪಿತ್ತು. ಮುಂದಿನದಕ್ಕೆ ಇಪ್ಪತ್ತು ನಿಮಿಷ. ನಿಲ್ದಾಣದ ಪಕ್ಕದ ಬೇಕರಿಯಲ್ಲಿ ಆಗಷ್ಟೇ ಒಲೆಯಿಂದ ತೆಗೆದ ಬನ್ನುಗಳನ್ನು ತಟ್ಟೆಗೆ ಸುರಿಯುತ್ತಿದ್ದರು. ಅವಳಿಗೆ ಹಸಿವಾಯಿತು. ಎಷ್ಟು ದಿನವಾಯಿತೋ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳೇ ಹೊರತು ಹಸಿವೆಂಬುದು ಆಗಿರಲಿಲ್ಲ. ಒಂದು ಬನ್ನು ಕೊಂಡು ಅಲ್ಲೇ ನಿಂತು ತಿಂದಳು. ಬಿಸಿ ನಾಲಿಗೆ ಸುಟ್ಟಿತು. ನಿಲ್ಲಿಸದೆ ಪೂರ್ತಿ ತಿಂದು, ಇನ್ನೊಂದು ಕೇಳಿದಳು.